ಚುಕ್ಕೆ ಇಟ್ಟ ವೃತ್ತ

ಮೂರು ತಲೆಮಾರು ಸಾಕು ಅಂದಿದ್ದರು ಪುಣೆಯ ನಮ್ಮ ಮೇಡಂ.
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ಬೇನೆಯಿದ್ದರೆ ಕಪ್ಪು ತುಂಬು, ತೀರಿದ್ದರೆ ಒಂದು ಓರೆಗೆರೆ.
ಹಾಳೆ, ಸ್ಕೇಲು, ರಕ್ತದ ಕೊಳವೆ ಹಿಡಿದು
ಮೈಂದರ್ಗಿಗೆ ಬಂದೆ, ಜೋಳ ಕೊಯ್ದ ಮರುವಾರ,
ಗುರವ್ವನ ಮನೆಗೆ.

ಓಂಕಾರನಿಗೆ ಏಳು.
ನೆಲದಿಂದ ಏಳುವಾಗ
ತನ್ನ ತೊಡೆಯನ್ನೇ ಏಣಿ ಮಾಡಿಕೊಂಡು
ಕೈಮೇಲೆ ಕೈಯಿಟ್ಟು ತನ್ನನ್ನೇ ಹತ್ತುತ್ತಾನೆ.
ಮೀನಖಂಡ ಮಾತ್ರ ಪೈಲವಾನನ ಹಾಗೆ ಉಬ್ಬಿದೆ;
ಓಣಿಯವರು ಮುಟ್ಟಿ ನೋಡಿ
ಗಟ್ಟಿ ಹುಡುಗ ಅನ್ನುತ್ತಾರೆ.

ಕಟ್ಟೆಯ ಮೇಲೆ ನನಗಿಂತ ಮೊದಲೇ ಬಂದು ಕೂತಿದ್ದ
ತುಕ್ಕಪ್ಪ ಹೆಳವ.
ಎತ್ತು ಹೋಗಿ ಮೋಟಾರ್ ಸೈಕಲ್ಲು ಬಂದಿದೆ,
ಗಂಟೆ ಅದೇ, ಹ್ಯಾಂಡಲ್ಲಿಗೆ ಕಟ್ಟಿದ್ದಾನೆ.
ಕೆಂಪು ಬಟ್ಟೆಯ ಗಂಟು ಬಿಚ್ಚಿ ಉಸಿರು ಬಿಡದೆ ಓದಿದ:
ಇಂಥವನ ಮಗ ಇಂಥವ, ಅವನ ಮಗ ಇಂಥವ,
ಬರಗಾಲದಾಗ ಇಂಡಿ ಬಿಟ್ಟು ಬಂದವ,
ಸಾಕ್ಷಿ ಹೇಳಿ ಹೊಲ ಕಳಕೊಂಡವ...
ಹನ್ನೊಂದು ತಲೆಮಾರು!
ನನಗೆ ಹೊಟ್ಟೆಕಿಚ್ಚು.

ಹೆಣ್ಣುಮಕ್ಕಳು? ಅಂದೆ.
'ಕೊಟ್ಟ ಹೆಣ್ಣು ಇನ್ನೊಬ್ಬ ಹೆಳವನ ಪುಸ್ತಕಕ್ಕ ಹೋಗತಾಳ.'
ಲಗ್ನವಾಗದೆ ತೀರಿದ ಹುಡುಗರು?
'ಅವರ ಮುಂದ ಗೆರಿ ಎಲ್ಲಿ ಎಳೀಲಿ, ಡಾಕ್ಟರವ್ವಾ?'

ನನಗೆ ಬೇಕಾದವರೆಲ್ಲ
ಅವನ ಪುಸ್ತಕದ ಹೊರಗಿದ್ದರು.

ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಅಗಿದ.
ಆಮೇಲೆ ಪುಸ್ತಕ ಮುಚ್ಚಿದ.
ಮುಚ್ಚಿದ ಮೇಲೇ ಶುರು ಮಾಡಿದ:
ಗುರವ್ವನ ತಾಯಿ ಕಲ್ಲವ್ವ, ದುಧನಿಯ ಮಗಳು.
ಕಲ್ಲವ್ವನ ಅಣ್ಣ ಮಹಾಳಿಂಗ, ಹೊತ್ತುಕೊಂಡೇ ಸಾಲಿಗೆ ಬಿಡತಿದ್ರು,
ಹದಿನೇಳಕ್ಕ ಹೋದ.
ಕಲ್ಲವ್ವನ ಚಿಕ್ಕವ್ವ ಸಂಗವ್ವಗ ಇಬ್ಬರು.
ಒಬ್ಬನ ಹೆಸರು ಮರೆತೇನಿ,
ಹಲಗಿ ಛಲೋ ಬಾರಸತಿದ್ದ, ಕುಂತ ಜಾಗದಾಗ.

ಚೌಕ, ಓರೆಗೆರೆ. ಚೌಕ, ಓರೆಗೆರೆ. ಚೌಕ.
ಅವನ್ನೆಲ್ಲ ಹೊತ್ತ ವೃತ್ತಗಳ ನಡುವೆ
ಒಂದೊಂದು ಚುಕ್ಕೆ ಇಟ್ಟೆ.
ಕೊನೆಯದು ಗುರವ್ವನದು.

'ಕುಂಕುಮ ಇಟ್ಟಂಗ ಅದ,' ಅಂದಳು ಅವಳು.

ಹಾಸ್ಟೆಲಿನ ಗೆಳತಿಯರು ಕೇಳುತ್ತಾರೆ:
ಮೂರು ವರ್ಷ ಓದಿ ಯಾವ ಗುಳಿಗೆ ಬರೆಯುತ್ತೀ?
ಯಾವ ಆಪರೇಶನ್ನು?
ನಾನು ಈ ಒಂದು ವಾಕ್ಯ ಓದುತ್ತಿದ್ದೇನೆ ಕಣ್ರೇ,
ಇನ್ನೂ ಪಾಸಾಗಿಲ್ಲ.

'ಅಂದರ ನನ್ನಿಂದೇನ್ರಿ?'

ಒಳಗೆ ಅತ್ತೆಯ ರೊಟ್ಟಿ ಬಡಿಯುವ ಸದ್ದು ನಿಂತಿತು.
ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.
ನಾನು ತಡವರಿಸಿದೆ:
ಮೈಯೊಳಗೂ ಒಂದು ಪುಸ್ತಕವಿದೆ, ಅಮ್ಮಾ.
ಹಳೆಯದನ್ನು ನೋಡಿ ಹೊಸದು ಬರೆಯುವಾಗ
ಯಾವಾಗಲೋ, ಯಾರ ಬಸಿರಲ್ಲೋ, ಒಂದು ಪುಟ ಬಿಟ್ಟುಹೋಗಿದೆ.
ಬಿಟ್ಟವರಿಗೂ ಗೊತ್ತಿಲ್ಲ.

ಹೆಳವ ಎಲೆ ಉಗುಳಿ ಬಂದ.
'ನಮ್ಮಪ್ಪನೂ ಬಿಟ್ಟಿದ್ದ, ಯವ್ವಾ, ಒಂದು ಪುಟ.
ಹುಷಾರ ಮನಿಶ್ಯಾ. ಕಂದೀಲ ಬೆಳಕು.
ಯಾರೂ ಬೈಲಿಲ್ಲ.'
ಅತ್ತೆಯ ಕಡೆ ನೋಡಿಯೇ ಹೇಳಿದ.

ಅತ್ತೆ ಏನೂ ಅನ್ನಲಿಲ್ಲ. ಒಳಗೆ ಹೋದಳು.
ತುಸು ತಡೆದು ರೊಟ್ಟಿಯ ಸದ್ದು ಮತ್ತೆ,
ಮೊದಲಿಗಿಂತ ಜೋರಾಗಿ.

ಗುರವ್ವ ತೋಳು ಚಾಚಿದಳು.
ಸೂಜಿ ಹೋದಾಗ ಕಣ್ಣು ಮುಚ್ಚಲಿಲ್ಲ.
'ನನ್ನ ತಂಗಿ ಶಾವಂತ್ರಿ ಜತ್ತದಾಗ ಅದಾಳ.
ಲಗ್ನಾಗಿ ಆರು ತಿಂಗಳು, ಇನ್ನೂ ನೀರು ನಿಂತಿಲ್ಲ.
ಅಕೀ ರಗತಾನೂ ತಗೋರಿ.
ಮೊದಲ ಗೊತ್ತಿರಲಿ ಅಕೀಗೆ.
ನನಗ ಯಾರೂ ಹೇಳಲಿಲ್ಲ.'

ಹಾಳೆಯ ಅಂಚಿನಲ್ಲಿ ಇನ್ನೊಂದು ವೃತ್ತ ಬರೆದೆ.
ಒಳಗೆ ಖಾಲಿ ಬಿಟ್ಟೆ.

ಹೊರಡುವಾಗ ನೋಡಿದೆ,
ಹೆಳವ ಓಂಕಾರನನ್ನು ಎತ್ತಿ ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿದ್ದ.
'ಹೆಳವ ಅಂದರ ಏನಂತ ತಿಳಕೊಂಡಿ?
ನಮ್ಮ ಮೂಲಪುರುಷನೂ ನಡೀಲಾರದವ.
ಕುಂತೇ ಊರೂರು ತಿರುಗಿದ, ಎಲ್ಲರ ಹೆಸರೂ ನೆನಪಿಟ್ಟ.'
ಹುಡುಗ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.
ಗಂಟೆ ಬಾರಿಸುತ್ತಿದ್ದ.

ಅಕ್ಕಲಕೋಟೆಯ ಬಸ್ಸಿನಲ್ಲಿ
ಐಸಿನ ಡಬ್ಬಿ ತೊಡೆಯ ಮೇಲೆ,
ಹಾಳೆ ಬಿಚ್ಚಿ ಎಣಿಸಿದೆ: ನಾಲ್ಕು ತಲೆಮಾರು.
ಹಲಗೆ ಬಾರಿಸುತ್ತಿದ್ದವನ ಚೌಕದ ಕೆಳಗೆ
ಹೆಸರಿಲ್ಲ ಎಂದು ಬರೆಯಲು ಹೋಗಿ
ಹಲಗೆ ಎಂದು ಬರೆದೆ.
ಮೇಡಂ ಕೇಳುತ್ತಾರೆ. ಕೇಳಲಿ.